ಕೂಗಳತೆಯ ಆಚೆ ಇರುವ ಮಗಳಿಗೆ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ನೀನು ಅಳುತ್ತಾ, "ಜೀವ ಮುಖ್ಯ ಅಪ್ಪ, ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಸಿಬಿಡು" ಎಂದಾಗ ನಾನು ಫೋನ್ ಇಟ್ಟುಬಿಟ್ಟೆ. ತಪ್ಪಾಯಿತು. ಈ ಪಿಸುದನಿಯಲ್ಲಿ ವಾದಿಸಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಆಪರೇಷನ್.

33 ಸಲ ರೇಡಿಯೇಷನ್ ಕೊಟ್ಟ ಜಾಗದಲ್ಲೇ ಕ್ಯಾನ್ಸರ್ ಗಡ್ಡೆ ಮರಳಿದೆ. ಅದಿನ್ನೂ ಧ್ವನಿಪೆಟ್ಟಿಗೆ ದಾಟಿಲ್ಲ. ಪೆಟ್ಟಿಗೆಯನ್ನು ಪೂರ್ತಿ ತೆಗೆಯದೆ, ಎರಡೂ ಧ್ವನಿತಂತುಗಳನ್ನು ತೆಗೆದು, ಕೆಳಗಿನ ಉಂಗುರದಂಥ ಮೃದ್ವಸ್ಥಿಯನ್ನು ನಾಲಿಗೆಯ ಬುಡದ ಮೂಳೆಗೆ ಸೇರಿಸಿ ಹೊಲಿಯುತ್ತಾರಂತೆ. ಮಾತು ಗೊಗ್ಗರಾಗಿರುತ್ತದೆ, ಆದರೆ ಉಸಿರಾಟಕ್ಕೆಂದು ಕತ್ತಿನಲ್ಲಿ ಮಾಡುವ ತೂತು ಮುಂದೆ ಮುಚ್ಚುತ್ತದೆ. ನುಂಗುವುದನ್ನು ಹೊಸದಾಗಿ ಕಲಿಯಬೇಕು. ತಪ್ಪಿದರೆ ಅನ್ನ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರಿನ ಬಲ ನೋಡಲು ಮೆಟ್ಟಿಲು ಹತ್ತಿಸಿದರು. ಎರಡು ಮಹಡಿ ನಿಲ್ಲದೆ ಹತ್ತಿದೆ.

ನೀನು ಆರನೇ ತರಗತಿಯಲ್ಲಿದ್ದ ವರ್ಷದ ಆ ಆಷಾಢದ ಸಂಜೆ ಬಿಡದೆ ನೆನಪಾಗುತ್ತಿದೆ. ದಿನವೂ ಗುಡ್ಡದ ನೆತ್ತಿಯಿಂದ ನೀನು 'ಕೂ' ಎಂದರೆ ತೋಟದಿಂದ ನಾನು 'ಕೂ' ಎನ್ನುತ್ತಿದ್ದೆ. ಅಂದು ನಿನ್ನ ಕೂಗಿಲ್ಲ. ಕಂಬಳಿಕೊಪ್ಪೆ ಹೊದ್ದು ಸಂಕದ ಮೇಲೆ ನಿಂತು ಕೂಗಿದೆ. ಕತ್ತಲಾಯಿತು, ಮತ್ತೆ ಕೂಗಿದೆ. ಹಳ್ಳ ಸಂಕಕ್ಕೆ ಒಂದು ಗೇಣು ಕೆಳಗೆ ಹರಿಯುತ್ತಿತ್ತು. ಗಂಟಲಲ್ಲಿ ರಕ್ತದ ರುಚಿ ಬಂದರೂ ಕೂಗಿದೆ. ನೀನು ಬಂದು, "ನಾನೂ ಕೂಗಿದೆನಲ್ಲ, ನಿನ್ನ ದನಿ ಹಿಡಿದೇ ಬಂದೆ" ಎಂದೆ. ಹಳ್ಳದ ಮೊರೆತದಲ್ಲಿ ನನಗೆ ಕೇಳಿಸಿರಲಿಲ್ಲ, ಅಷ್ಟೇ. ಆ ಕೂಗು ಇನ್ನು ಬರುವುದಿಲ್ಲ, ಅದು ನನಗೆ ಗೊತ್ತು. ಜಗಲಿಯ ಈ ತುದಿಯಿಂದ ಆ ತುದಿಗೆ ಮುಟ್ಟುವಷ್ಟು ಉಳಿದರೂ ಸಾಕೆಂದು ಈ ದಾರಿ ಹಿಡಿದೆ.

ದನಿ ಮತ್ತೆ ಒಡೆದಾಗ ರೇಡಿಯೇಷನ್ನಿನ ಬಾವು ಎಂದುಕೊಂಡು ಮೂರು ತಿಂಗಳು ನಿನ್ನಿಂದ ಮುಚ್ಚಿಟ್ಟೆ. ಕ್ಷಮಿಸು. ನಲವತ್ತು ವರ್ಷ ಬೀಡಿ ಸೇದಿದವನು ಹೇಳುತ್ತಿದ್ದೇನೆ, ಅಳಿಯಂದಿರ ಸಿಗರೇಟು ಬಿಡಿಸು. ಬಾಲ್ಕನಿಯಲ್ಲಿ ಸೇದಿದರೆ ಕಡಿಮೆಯೇನೂ ಆಗುವುದಿಲ್ಲ. ಮೂರು ವಾರ ದನಿ ಒಡೆದಿದ್ದರೆ ಯಾರೇ ಆಗಲಿ ಡಾಕ್ಟರಿಗೆ ತೋರಿಸಬೇಕು. ನೀನೂ ಅಷ್ಟೇ, ಊಟ ಬಿಟ್ಟು ಕೆಲಸ ಮಾಡಬೇಡ. ನಿನ್ನ ದುಡಿಮೆಯ ಹಣ ಆಸ್ಪತ್ರೆಗೆ ಕಟ್ಟುವಾಗ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

ಫೋನಿನಲ್ಲಿ ಹೇಳದೆ ಉಳಿಸಿದ್ದು ಒಂದಿದೆ. ಆಪರೇಷನ್ ನಡುವೆಯೇ ಅಂಚಿನ ಚೂರುಗಳನ್ನು ಪರೀಕ್ಷಿಸುತ್ತಾರೆ. ಅಲ್ಲೂ ರೋಗ ಕಂಡರೆ ಪೂರ್ತಿ ತೆಗೆಯಿರಿ ಎಂದು ಸಹಿ ಹಾಕಿದ್ದೇನೆ. ನಿನ್ನ ಮಾತು ಕೇಳಲಿಲ್ಲ ಎಂದುಕೊಳ್ಳಬೇಡ.

ಹೇಗಾದರೂ ಕೆಲವು ದಿನ ನನಗೆ ಮಾತಿರುವುದಿಲ್ಲ. ಅಮ್ಮ ಫೋನನ್ನು ಕಿವಿಗೆ ಹಿಡಿಯುತ್ತಾಳೆ. ನನ್ನ ಉತ್ತರ ಕೇಳಿಸದಿದ್ದರೂ ನೀನು ಕೂಗು.

ನಿನ್ನ ಅಪ್ಪ