ಮಕ್ಕಳ ಕೈಗೆ ರಟ್ಟು, ಟೀಚರ್ ಕೈಗೆ ಫೋನು

ಮಾನ್ಯರೇ,

ಕಲಿಕೆಗೆ ಆ್ಯಪ್ ಬೇಕೋ ಬೇಡವೋ ಅಂತ ನಿಮ್ಮ ಓದುಗರ ಪತ್ರಗಳಲ್ಲಿ ಆಗಾಗ ಜಗಳ ನಡೆಯುತ್ತದೆ. ಒಬ್ಬರು ಮೊಬೈಲ್ ಬಂದು ಮಕ್ಕಳು ಕೆಟ್ಟರು ಅಂತಾರೆ, ಇನ್ನೊಬ್ಬರು ಪ್ರತಿ ಮಗುವಿಗೂ ಒಂದು ಟ್ಯಾಬ್ ಕೊಡಿ ಅಂತಾರೆ. ಇಬ್ಬರ ಲೆಕ್ಕದಲ್ಲೂ ಫೋನ್ ಇರೋದು ಮಗುವಿನ ಕೈಯಲ್ಲಿ. ನನ್ನ ಕ್ಲಾಸಿನಲ್ಲಿ ಹಾಗಿಲ್ಲ. ಮಕ್ಕಳ ಕೈಯಲ್ಲಿ ಇರೋದು ಒಂದು ರಟ್ಟು, ಫೋನ್ ನನ್ನ ಕೈಯಲ್ಲಿ. ಅದಕ್ಕೇ ಈ ಪತ್ರ.

ನಾನು ಅರಸೀಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ ಟೀಚರ್. ಗಣಿತ, ಜೊತೆಗೆ ಭೌತ, ರಸಾಯನ ಎಲ್ಲಾ ನನ್ನ ತಲೆಗೆ. ಮೂರು ವರ್ಷದಿಂದ ಪ್ಲಿಕರ್ಸ್ ಅನ್ನೋ ಆ್ಯಪ್ ಬಳಸುತ್ತಿದ್ದೇನೆ. ಅದರ ವೆಬ್‌ಸೈಟಿನಿಂದ ಕಪ್ಪು-ಬಿಳಿ ಚಿತ್ರದ ಕಾರ್ಡುಗಳನ್ನು ಪ್ರಿಂಟ್ ಹಾಕಿಸಿಕೊಳ್ಳಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ನೋಡೋಕೆ ಅಂಗಡಿಯಲ್ಲಿ ಅಂಟಿಸಿರೋ ಕ್ಯೂಆರ್ ಕೋಡ್‌ನ ತಮ್ಮನ ಹಾಗಿರುತ್ತವೆ. ಒಂದೊಂದು ಮಗುವಿಗೆ ಒಂದೊಂದು ನಂಬರಿನ ಕಾರ್ಡು. ಚಿತ್ರದ ನಾಲ್ಕು ಬದಿಗೆ ಎ, ಬಿ, ಸಿ, ಡಿ ಅಂತ ಪುಟ್ಟ ಅಕ್ಷರ. ನಾನು ಬೋರ್ಡಿನ ಮೇಲೆ ಪ್ರಶ್ನೆ ಬರೆಯುತ್ತೇನೆ, ಅವರು ತಮ್ಮ ಉತ್ತರದ ಅಕ್ಷರ ಮೇಲೆ ಬರೋ ಹಾಗೆ ಕಾರ್ಡ್ ತಿರುಗಿಸಿ ಎತ್ತಿ ಹಿಡಿಯುತ್ತಾರೆ, ನಾನು ಫೋನನ್ನು ಈ ಮೂಲೆಯಿಂದ ಆ ಮೂಲೆಗೆ ನಿಧಾನಕ್ಕೆ ಆಡಿಸಿದರೆ ಯಾರು ಏನು ಹೇಳಿದರು ಅನ್ನೋದು ಅಷ್ಟರಲ್ಲೇ ಸ್ಕ್ರೀನ್ ಮೇಲೆ ಬಂದಿರುತ್ತದೆ. ಪಕ್ಕದವನದ್ದು ಕಾಪಿ ಹೊಡೆಯೋಕೂ ಆಗಲ್ಲ. ಒಬ್ಬರ ಚಿತ್ರ ಇನ್ನೊಬ್ಬರಿಗೆ ಇಲ್ಲ, ಅಕ್ಷರ ದೂರಕ್ಕೆ ಕಾಣಲ್ಲ.

ಮೊದಲ ಸಲ ಬಳಸಿದ್ದು ಎಂಟನೇ ಕ್ಲಾಸಿನಲ್ಲಿ. ದಶಮಾಂಶ ಹಿಂದಿನ ಕ್ಲಾಸುಗಳಲ್ಲೇ ಆಗಿದೆಯಲ್ಲಾ, ಸುಮ್ನೆ ಒಂದು ಸಲ ನೋಡೋಣ ಅಂತ 0.5 ಮತ್ತು 0.35ರಲ್ಲಿ ಯಾವುದು ದೊಡ್ಡದು ಅಂತ ಕೇಳಿದೆ. ಅದಕ್ಕೂ ಮೊದಲು 'ದಶಮಾಂಶ ಗೊತ್ತು ತಾನೇ?' ಅಂದಾಗ 'ಗೊತ್ತು ಮಿಸ್' ಅಂತ ಇಡೀ ಕ್ಲಾಸ್ ಒಂದೇ ರಾಗದಲ್ಲಿ ಹೇಳಿತ್ತು. 41 ಮಕ್ಕಳಲ್ಲಿ 27 ಜನ 0.35 ದೊಡ್ಡದು ಅಂದಿದ್ದರು. ನನಗೆ ನಿಜವಾಗಿ ಕೈಕಾಲು ಬಿದ್ದು ಹೋಯಿತು. ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಆ ರಾಗವನ್ನು ನಂಬಿಕೊಂಡು ಎಷ್ಟು ಸಲ ಮುಂದಿನ ಪಾಠಕ್ಕೆ ಹೋಗಿದ್ದೀನೋ ಏನೋ. 5ಕ್ಕಿಂತ 35 ದೊಡ್ಡದು, ಆದ್ದರಿಂದ 0.35 ದೊಡ್ಡದು, ಮಕ್ಕಳ ಲೆಕ್ಕ ಅಷ್ಟೇ. ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸರಿ, ಐವತ್ತು ಪೈಸೆ ಜಾಸ್ತಿಯೋ ಮೂವತ್ತೈದು ಪೈಸೆ ಜಾಸ್ತಿಯೋ ಅಂತ ಕೇಳಿದೆ. ನನ್ನ ಕಾಲದ ಉಪಾಯ. ಪಿಳಿಪಿಳಿ ನೋಡಿದರು. ಈ ಮಕ್ಕಳು ಪೈಸೆಯನ್ನು ಕಣ್ಣಲ್ಲಿ ನೋಡಿಯೇ ಇಲ್ಲ! ಆಗ ಮೂರನೇ ಬೆಂಚಿನ ಒಬ್ಬಳು ಮೆಲ್ಲಗೆ, 'ಮಿಸ್, ಡೈರಿ ಚೀಟಿ ಥರಾನಾ?' ಅಂದಳು. ನಮ್ಮ ಕಡೆ ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ಹಸು ಇದೆ, ಬೆಳಗ್ಗೆ ಡೈರಿಗೆ ಹಾಲು ಹಾಕಿ ಸ್ಕೂಲಿಗೆ ಬರೋ ಮಕ್ಕಳು. ಹಾಲು ಅಳೆದ ಮೇಲೆ ಬರೋ ಚೀಟಿಯಲ್ಲಿ ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರೋ ಉಳಿದ ಗಟ್ಟಿ ಅಂಶ) ಇಷ್ಟು ಅಂತ ಇರುತ್ತದೆ. ಎಸ್‌ಎನ್‌ಎಫ್ 8.5 ಬಂದ ದಿನ ಒಂದು ಮಾತು, 8.35 ಬಂದ ದಿನ ಮನೆಯಲ್ಲಿ ಬೇರೆಯೇ ಮಾತು. 'ನಿಮ್ಮಪ್ಪ ಯಾವ ಚೀಟಿ ನೋಡಿ ಬೈತಾರೆ?' ಅಂತ ಕೇಳಿದ್ದಷ್ಟೇ, ಉಳಿದ ಪಾಠ ಅವರೇ ಮಾಡಿಕೊಂಡರು. ಮಾರನೇ ದಿನ 0.7, 0.64 ಕೊಟ್ಟು ಕಾರ್ಡ್ ಎತ್ತಿಸಿದರೆ ತಪ್ಪಿದ್ದು ಆರೇ ಜನ. ಆ ಆರು ಹೆಸರೂ ನನ್ನ ಫೋನಿನಲ್ಲಿತ್ತು, ಊಟದ ಬಿಡುವಿನಲ್ಲಿ ಅವರ ಜೊತೆ ಕೂತೆ.

ಇಲ್ಲಿ ಆ್ಯಪ್ ಏನು ಕಲಿಸಿತು ಹೇಳಿ? ಏನೂ ಇಲ್ಲ. ಎಲ್ಲಿ ಕಲಿಸಬೇಕು ಅಂತ ತೋರಿಸಿತು. ಡೈರಿ ಚೀಟಿ ಯಾವ ಕಂಪನಿಯ ವಿಡಿಯೊದಲ್ಲೂ ಇರಲ್ಲ, ಅದು ಇರೋದು ಆ ಹುಡುಗಿಯ ಚೀಲದಲ್ಲಿ. ಅಂದಹಾಗೆ, ಕಾರ್ಡು ಹಿಡಿದು ಕಲಿಯೋದು ನಮ್ಮವರಿಗೆ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಚಿಕ್ಕ ಕ್ಲಾಸುಗಳ ನಲಿ-ಕಲಿ ಪದ್ಧತಿ ನಿಂತಿರೋದೇ ಕಾರ್ಡುಗಳ ಮೇಲೆ, ನಮ್ಮ ಟೀಚರ್‌ಗಳೇ ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು ಮಾಡಿದ್ದು.

ಇನ್ನೊಂದು ಹೇಳಲೇಬೇಕು. ಫೈಫಾಕ್ಸ್ ಅಂತ ಆ್ಯಪ್, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು. ಫೋನಿನೊಳಗಿನ ಮೈಕು, ಸೆನ್ಸರುಗಳನ್ನೇ ಪ್ರಯೋಗದ ಸಾಮಾನು ಮಾಡಿಬಿಡುತ್ತದೆ. ಇದೂ ಉಚಿತ. ನಮ್ಮದು ಅಂಥ ಲ್ಯಾಬ್ ಇರೋ ಶಾಲೆ ಅಲ್ಲ, ಒಂದು ಬೀರು ಇದೆ, ಅದರ ಬೀಗದ ಕೈ ಯಾರ ಹತ್ತಿರ ಅಂತ ಹುಡುಕೋದೇ ಒಂದು ಪ್ರಯೋಗ. ಒಂಬತ್ತನೇ ಕ್ಲಾಸಿಗೆ ಶಬ್ದದ ಪಾಠ, ಅದರ ವೇಗ ಅಳೆಯಬೇಕು. ನನ್ನ ಫೋನು, ಸಿಬಿಜೆಡ್ (ರಸಾಯನ, ಜೀವಶಾಸ್ತ್ರ) ಟೀಚರ್ ಫೋನು ಎರಡನ್ನೂ ವರಾಂಡದಲ್ಲಿ ಟೇಪ್ ಹಿಡಿದು ಸರಿಯಾಗಿ 10 ಮೀಟರ್ ದೂರ ಇಟ್ಟೆವು. ಸದ್ದು ಕೇಳಿದರೆ ಶುರುವಾಗೋ, ಮತ್ತೆ ಸದ್ದು ಕೇಳಿದರೆ ನಿಲ್ಲೋ ಸ್ಟಾಪ್‌ವಾಚ್ ಅದರಲ್ಲಿದೆ. ಈ ತುದಿಯಲ್ಲಿ ಒಬ್ಬ ಚಪ್ಪಾಳೆ ತಟ್ಟಿದ, ಆ ತುದಿಯಲ್ಲಿ ಒಬ್ಬಳು ತಟ್ಟಿದಳು. ಮೊದಲ ಎರಡು ಸಲ ಹಾಳಾಯಿತು, ಮಳೆ ಹನಿ ಶೀಟಿನ ಮೇಲೆ ಬಿದ್ದ ಸದ್ದಿಗೇ ಗಡಿಯಾರ ಓಡುತ್ತಿತ್ತು. ಮೂರನೇ ಸಲ ಎರಡು ಫೋನಿನ ವ್ಯತ್ಯಾಸ 0.058 ಸೆಕೆಂಡ್ ಬಂತು. ಒಂದೊಂದು ಚಪ್ಪಾಳೆಯೂ ಆ ಕಡೆಯ ಫೋನಿಗೆ 10 ಮೀಟರ್ ದಾಟಿ ಹೋಗಬೇಕು, ಎರಡೂ ಸೇರಿ 20 ಮೀಟರ್, ಭಾಗಿಸಿದರೆ ಸೆಕೆಂಡಿಗೆ ಸುಮಾರು 345 ಮೀಟರ್. ಪುಸ್ತಕ ತೆಗೆದು ನೋಡಿದರೆ 22 ಡಿಗ್ರಿಗೆ 344 ಅಂತಿದೆ. ಆಗ ಮಕ್ಕಳು ಹಾಕಿದ ಕೂಗಿಗೆ ಹೆಡ್‌ಮಾಸ್ಟರ್ ಆಫೀಸಿನಿಂದ ಎದ್ದು ಬಂದರು. ಅಷ್ಟು ಚೆನ್ನಾಗಿ ಬಂದಿದ್ದು ಸ್ವಲ್ಪ ಅದೃಷ್ಟವೂ ಇರಬಹುದು, ಮುಂದಿನ ಸಲ 330 ಬಂತು. ಯಾಕೆ ಅಂತ ಅರ್ಧ ಪೀರಿಯಡ್ ಜಗಳ ಆಡಿದರು. ನನಗೆ ಆ ಜಗಳವೇ ಜಾಸ್ತಿ ಇಷ್ಟವಾಯಿತು.

ಗಣಿತದ ಚಿತ್ರ ಬಿಡಿಸೋ ಜಿಯೋಜೀಬ್ರಾ, ವಿಜ್ಞಾನದ ಪ್ರಯೋಗ ಸ್ಕ್ರೀನಿನಲ್ಲೇ ಮಾಡಿಸೋ ಫೆಟ್ ಬಗ್ಗೆ ಬಹಳ ಟೀಚರ್‌ಗಳಿಗೆ ಗೊತ್ತಿದೆ, ಉದ್ದ ಮಾಡಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಫೆಟ್‌ನ ಕೆಲವು ಕನ್ನಡದಲ್ಲೂ ಇವೆ.

ಈಗ ನನ್ನ ತಕರಾರು. ನಮ್ಮ ಫೋನಿಗೆ ಬರೋ ಆ್ಯಪ್‌ಗಳಲ್ಲಿ ಮುಕ್ಕಾಲು ಪಾಲು ಪಾಠಕ್ಕಲ್ಲ, ಲೆಕ್ಕಕ್ಕೆ. ಹಾಜರಾತಿಗೊಂದು, ಊಟಕ್ಕೊಂದು, ತರಬೇತಿಗೊಂದು. ಪಾಠದ ಆ್ಯಪ್ ಬಂದರೂ 'ಇನ್‌ಸ್ಟಾಲ್ ಮಾಡಿ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕಿ' ಅನ್ನೋ ಮೆಸೇಜು. ಹಾಕುತ್ತೇವೆ. ಗ್ರೂಪಿನಲ್ಲಿ ಹೆಬ್ಬೆರಳು ಬೀಳುತ್ತದೆ. ಅಲ್ಲಿಗೆ ಆ ಆ್ಯಪ್‌ನ ಕಥೆ ಮುಗಿಯಿತು. ಮಕ್ಕಳಿಗೆ ಏನಾದರೂ ಬಂತಾ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

2017ರಲ್ಲಿ ಶುರುವಾದ, ಸರ್ಕಾರದ ಪಾಠದ ಆ್ಯಪ್ ದೀಕ್ಷಾ ಒಳ್ಳೆಯ ಯೋಚನೆ, ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್ ಇದೆ. ಆದರೆ ಅದನ್ನು ಹೇಗೆ ತೆರೆಯಬೇಕು ಅಂತ ಮನೆಯವರಿಗೆ ಯಾರು ಹೇಳಿದ್ದಾರೆ? ನನ್ನ ಒಬ್ಬ ಹುಡುಗ ಅಪ್ಪನ ಫೋನಿನಲ್ಲಿ ದುಡ್ಡು ಕಳಿಸೋ ಆ್ಯಪ್ ತೆರೆದು ವಿಜ್ಞಾನ ಪುಸ್ತಕವನ್ನು ಸ್ಕ್ಯಾನ್ ಮಾಡಿದ್ದ. ಪುಸ್ತಕಕ್ಕೆ ದುಡ್ಡು ಹೋಗುತ್ತಿಲ್ಲ ಅಂತ ಬಂದು ಹೇಳಿದ. ನಗು ಬಂತು, ಆಮೇಲೆ ನಾನೂ ಕ್ಲಾಸಿನಲ್ಲಿ ಒಂದು ಸಲವೂ ತೋರಿಸಿರಲಿಲ್ಲ ಅಂತ ನೆನಪಾಯಿತು.

ನಗು ಬರದೇ ಇರೋ ಕಥೆಯೂ ಇದೆ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ತಂದೆಗೆ ಒಂದು ಕಂಪನಿಯವರು ಮನೆಗೇ ಬಂದು ಟ್ಯಾಬ್ ಮಾರಿದರು. ಇಎಂಐ. ಪಾಠ ಎಲ್ಲಾ ಇಂಗ್ಲಿಷಿನಲ್ಲಿ, ಮಗಳು ಓದೋದು ಕನ್ನಡ ಮೀಡಿಯಂ. ವಾಪಸ್ ಕೊಡುತ್ತೇನೆ ಅಂತ ಫೋನ್ ಮಾಡಿದರೆ ಎತ್ತೋರೇ ಇಲ್ಲ. ಕೊನೆಗೆ ಹಸು ಮಾರಿದರು ಅಂತೇನೂ ಹೇಳಲ್ಲ, ಅಷ್ಟು ಆಗಲಿಲ್ಲ. ಆದರೆ ಪ್ರತಿ ತಿಂಗಳು ಹಾಲಿನ ಬಿಲ್ಲಿನಲ್ಲಿ ಒಂದು ಭಾಗ ಅದಕ್ಕೇ ಹೋಯಿತು. ಟ್ಯಾಬಿನಲ್ಲಿ ತಮ್ಮ ಗೇಮ್ ಆಡುತ್ತಿದ್ದ.

ಮಗುವಿಗೆ ಫೋನ್ ಕೊಟ್ಟರೆ ಕಲಿಕೆ ತಾನಾಗೇ ಬರಲ್ಲ ಅನ್ನೋದಕ್ಕೆ 2024ರ ಅಸರ್ ವರದಿಯನ್ನೇ (ಹಳ್ಳಿ ಮಕ್ಕಳ ಕಲಿಕೆಯ ಸಮೀಕ್ಷೆ) ನೋಡಬಹುದು. ದೇಶದ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನಕ್ಕೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತದೆ. ಅವರಲ್ಲಿ ಹಿಂದಿನ ವಾರದಲ್ಲಿ ಓದಿಗೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಮಕ್ಕಳನ್ನು ಬೈಯೋಕೆ ಇದನ್ನು ಹೇಳುತ್ತಿಲ್ಲ, ಸ್ಟಾಫ್‌ರೂಮಿನಲ್ಲಿ ಸಮೀಕ್ಷೆ ಮಾಡಿದರೆ ನಮ್ಮ ಲೆಕ್ಕ ಇನ್ನೂ ಕೆಟ್ಟದಾಗಿ ಬರಬಹುದು, ಅಲ್ವಾ?

ಅದಕ್ಕೇ ಕೇಳೋದು ಇಷ್ಟೇ. ಮಕ್ಕಳಿಗೆ ಟ್ಯಾಬ್ ಕೊಡೋ ದುಡ್ಡಿದ್ದರೆ ಮೊದಲು ಶಾಲೆಗೆ ಒಂದು ಒಳ್ಳೆಯ ಫೋನು, ಒಂದು ಪ್ರೊಜೆಕ್ಟರ್, ನಿಲ್ಲದ ನೆಟ್ ಕೊಡಿ. ಈಗ ನಾನು ಬಳಸೋದು ನನ್ನದೇ ಫೋನು, ನನ್ನದೇ ಡೇಟಾ, ನಡುವೆ ನನ್ನ ಅತ್ತೆಯ ಫೋನ್ ಬಂದರೆ ಕ್ಲಾಸೇ ಹಲೋ ಅನ್ನುತ್ತದೆ. ತರಬೇತಿ ಕೊಡೋರು ನಲವತ್ತು ಸ್ಲೈಡ್ ತೋರಿಸೋ ಬದಲು ನಿಜವಾದ ಮಕ್ಕಳ ಮುಂದೆ ಒಂದು ಪೀರಿಯಡ್ ಮಾಡಿ ತೋರಿಸಲಿ.

ಕಾರ್ಡ್ ಮಾಡಿಸಬೇಕು ಅನ್ನೋ ಟೀಚರ್‌ಗಳಿಗೆ ಒಂದು ಮಾತು. ಪ್ರಿಂಟ್ ಹಾಕಿಸಿ, ಮದುವೆ ಕಾರ್ಡಿನಂಥ ದಪ್ಪ ರಟ್ಟಿಗೆ ಅಂಟಿಸಿ. ಒಂದೇ ಸೆಟ್ಟನ್ನು ಎಲ್ಲಾ ಕ್ಲಾಸಿಗೂ ಬಳಸಬಹುದು. ಹೊಳೆಯೋ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ನಾನು ದುಡ್ಡು ಹಾಕಿ ಮಾಡಿಸಿ, ಕಿಟಕಿ ಪಕ್ಕ ಕೂತಿರೋ ಒಬ್ಬರ ಕಾರ್ಡನ್ನೂ ಕ್ಯಾಮೆರಾ ಓದದೆ, ಮತ್ತೆ ಹೊಸದಾಗಿ ಅಂಟಿಸಿದ್ದೇನೆ.

ಒಬ್ಬ ಪಿಸಿಎಂ ಶಿಕ್ಷಕಿ,
ಅರಸೀಕೆರೆ ತಾಲ್ಲೂಕು