ತರಗತಿ ವಾಟ್ಸಾಪ್ ಗುಂಪು ಮುಚ್ಚಿದ್ದೇಕೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಎಲ್ಲ ತರಗತಿಗಳ ವಾಟ್ಸಾಪ್ ಗುಂಪುಗಳಲ್ಲಿ ಇನ್ನು ಮುಂದೆ ಶಿಕ್ಷಕರಷ್ಟೇ ಸಂದೇಶ ಹಾಕಬಹುದು ಎಂದು ಹೋದ ವಾರ ಮಾಡಿದ ಬದಲಾವಣೆ ನಿಮ್ಮಲ್ಲಿ ಹಲವರಿಗೆ ಬೇಸರ ತಂದಿದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಕೈಗೆ ಲಿಖಿತ ದೂರುಗಳೂ ಬಂದಿವೆ. "ಸಾಲ ಮಾಡಿದವರು ಯಾರೋ, ಬಾಯಿಗೆ ಬೀಗ ನಮಗೆ" ಎಂದು ಒಬ್ಬರು ಬರೆದಿದ್ದಾರೆ. ಮಾತು ಚುರುಕಾಗಿದೆ, ಒಪ್ಪುತ್ತೇನೆ. ಆದರೆ ಅದರಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ನಡೆದದ್ದು ಬಹುಪಾಲು ನಿಮಗೆ ಗೊತ್ತೇ ಇದೆ. ಮೊಬೈಲ್ ಆ್ಯಪಿನಲ್ಲಿ ಸಾಲ ಪಡೆದಿದ್ದ ನಮ್ಮ ಪೋಷಕರೊಬ್ಬರ ಮುಖವನ್ನು ಆ ಆ್ಯಪಿನವರು ಯಾರದೋ ನಗ್ನ ದೇಹಕ್ಕೆ ಅಂಟಿಸಿ, ಕೆಳಗೆ ‘ಸಾಲಗಳ್ಳರು’ ಎಂದು ಬರೆದ ಚಿತ್ರವೊಂದು ಅವರ ಫೋನಿನಲ್ಲಿದ್ದ ಹತ್ತಾರು ನಂಬರುಗಳಿಗೆ ಹೋಯಿತು. ನಮ್ಮ ಗಣಿತ ಮೇಷ್ಟ್ರಿಗೂ ಬಂತು, ಹಾಲಿನ ಡೈರಿಯವರಿಗೂ ಬಂತು. ನಮ್ಮ ಗುಂಪಿಗೆ ಅದನ್ನು ಹಾಕಿದ್ದು ಮಾತ್ರ ಸಾಲದ ಆ್ಯಪಿನವರಲ್ಲ. "ಇವರು ನಮ್ಮ ಗ್ರೂಪಿನವರಲ್ವಾ?" ಎಂದು ಕೇಳುತ್ತ ನಮ್ಮಲ್ಲೇ ಒಬ್ಬರು ಹಾಕಿದರು. ಸಂಜೆಯಾದರೆ ನಿಮ್ಮ ಫೋನುಗಳಲ್ಲಿ ಅರ್ಧಕ್ಕರ್ಧ ಮಕ್ಕಳ ಕೈಯಲ್ಲೇ ಇರುತ್ತವೆ. ಮರುದಿನ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ವಿಷಯ ಮೈದಾನದಲ್ಲಿತ್ತು.

ಶಾಲೆ ತಡಮಾಡಿತು ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಗುಂಪಿನ ಅಡ್ಮಿನ್ ಆಗಿರುವ ಶಿಕ್ಷಕಿ ಚಿತ್ರವನ್ನು ನೋಡಿದ ಕೂಡಲೇ ಎಲ್ಲರಿಗೂ ಕಾಣದಂತೆ ಅಳಿಸಿದರು. ರಾತ್ರಿ ಹೊತ್ತು ಅವರೂ ಒಂದು ಮನೆಯವರು, ಅವರಿಗೂ ಒಲೆಯ ಮೇಲೆ ಸಾರು ಇರುತ್ತದೆ. ಆದರೆ ಅಷ್ಟರಲ್ಲಿ ಚಿತ್ರ ಯಾರ ಯಾರ ಗ್ಯಾಲರಿಗೆ ಇಳಿದಿತ್ತೋ ಅದನ್ನು ಅಳಿಸುವುದು ಅವರ ಕೈಯಲ್ಲಿರಲಿಲ್ಲ.

ಮೊದಲ ತಪ್ಪು ತಿಳಿವಳಿಕೆ: ಇದು ಸಾಲ ತೀರಿಸದವರಿಗೆ ಆಗುವ ಶಾಸ್ತಿ ಎಂಬುದು. ಆ ಪೋಷಕರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಅವರು ಅಸಲಿಗಿಂತ ಹೆಚ್ಚು ಕಟ್ಟಿದ್ದಾರೆ. ಈ ಆ್ಯಪುಗಳು ಕೆಲಸ ಮಾಡುವ ರೀತಿಯೇ ಹಾಗೆ. ಐದು ಸಾವಿರ ಎಂದು ತೋರಿಸುತ್ತವೆ, ‘ಪ್ರೊಸೆಸಿಂಗ್ ಫೀ’ ಮುರಿದುಕೊಂಡು ಮೂರು ಸಾವಿರ ಚಿಲ್ಲರೆ ಖಾತೆಗೆ ಹಾಕುತ್ತವೆ, ಏಳೇ ದಿನಕ್ಕೆ ಐದು ಸಾವಿರವನ್ನೂ ವಾಪಸು ಕೇಳುತ್ತವೆ. ಅದನ್ನು ತೀರಿಸಲು ಇನ್ನೊಂದು ಆ್ಯಪ್, ಆ ಇನ್ನೊಂದರ ಹಿಂದೆಯೂ ಅದೇ ಜನ. ಆ್ಯಪ್ ಹಾಕಿಕೊಳ್ಳುವಾಗ ‘ಅಲೋ’ ಒತ್ತಿದ ಕ್ಷಣದಲ್ಲೇ ಫೋನಿನ ನಂಬರುಗಳು, ಫೋಟೋಗಳು ಅವರ ಪಾಲಾಗಿರುತ್ತವೆ. ಅವರಿಗೆ ಅಡಮಾನ ಚಿನ್ನವಲ್ಲ, ನಿಮ್ಮ ಕಾಂಟ್ಯಾಕ್ಟ್ ಪಟ್ಟಿ. ಪೂರ್ತಿ ಕಟ್ಟಿದವರಿಗೂ ಚಿತ್ರ ಬರುತ್ತದೆ. ಹೆದರಿ ಒಮ್ಮೆ ಕಟ್ಟಿದವರು ಮತ್ತೆ ಕಟ್ಟುತ್ತಾರೆ ಎಂಬುದು ಅವರ ಲೆಕ್ಕ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಇಂಥ ಆ್ಯಪುಗಳ ಮೇಲೆ ಬೆಂಗಳೂರು ಸೈಬರ್ ಪೊಲೀಸರು ದಾಖಲಿಸಿದ್ದ 18 ಎಫ್‌ಐಆರ್‌ಗಳನ್ನು ಹಿಡಿದು ಜಾರಿ ನಿರ್ದೇಶನಾಲಯ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲೇ ಶೋಧ ನಡೆಸಿತ್ತು. 2021ರ ಏಪ್ರಿಲ್‌ನಿಂದ 2022ರ ಜುಲೈವರೆಗೆ ಗೂಗಲ್ ತನ್ನ ಪ್ಲೇ ಸ್ಟೋರ್‌ನಿಂದ 2,500ಕ್ಕೂ ಹೆಚ್ಚು ಸಾಲದ ಆ್ಯಪುಗಳನ್ನು ತೆಗೆದುಹಾಕಿತೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಒಂದನ್ನು ತೆಗೆದರೆ ಬೇರೆ ಹೆಸರಿನಲ್ಲಿ ಮತ್ತೊಂದು ಬರುತ್ತದೆ.

ಎರಡನೆಯದು ನೀವು ಒಪ್ಪದ ವಿಷಯ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. "ಬೇರೆಯವರು ಎಚ್ಚರವಾಗಿರಲಿ ಅಂತ ಫಾರ್ವರ್ಡ್ ಮಾಡಿದೆ, ಅದರಲ್ಲಿ ತಪ್ಪೇನು?" ಎಂದು ನನ್ನ ಕೋಣೆಗೆ ಬಂದು ಕೇಳಿದವರು ಒಬ್ಬಿಬ್ಬರಲ್ಲ. ನಿಮ್ಮ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಂ ಅಶ್ಲೀಲ ಚಿತ್ರವನ್ನು ತಯಾರಿಸಿದವರಿಗಷ್ಟೇ ಅಲ್ಲ, ರವಾನಿಸಿದವರಿಗೂ ಅನ್ವಯಿಸುತ್ತದೆ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಚಿತ್ರ ಲೈಂಗಿಕ ಕ್ರಿಯೆಯನ್ನೇ ತೋರಿಸುವಂಥದ್ದಾಗಿದ್ದರೆ 67ಎ ಕಲಂ, ಅಲ್ಲಿ ಐದು ವರ್ಷ, ಹತ್ತು ಲಕ್ಷ. ಮಕ್ಕಳ ಚಿತ್ರವಾದರೆ ಇದಕ್ಕೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಕೂಡ ಸೇರುತ್ತದೆ, ಆಗ ಫೋನಿನಲ್ಲಿ ಇಟ್ಟುಕೊಳ್ಳುವುದೂ ಅಪಾಯ. ಎಚ್ಚರಿಸಬೇಕೆಂದಿದ್ದರೆ "ಸಾಲದ ಆ್ಯಪಿನವರು ಇಂಥ ಚಿತ್ರ ಕಳಿಸುತ್ತಿದ್ದಾರೆ, ನಂಬಬೇಡಿ" ಎಂದು ಒಂದು ಸಾಲು ಬರೆದರೆ ಸಾಕಿತ್ತು. ಚಿತ್ರ ಬೇಕಿರಲಿಲ್ಲ.

ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಗುಂಪಿಗೆ ಹಾಕಿದ ಪೋಷಕರು ಆಮೇಲೆ ಬಂದು ನೊಂದುಕೊಂಡರು, ಅವರ ಹೆಸರನ್ನು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೂ ಮತ್ತೊಮ್ಮೆ ಹೇಳಬೇಕಾಗಿದೆ, ಏಕೆಂದರೆ ಆ ಚಿತ್ರ ಈಗಲೂ ಓಡಾಡುತ್ತಿದೆ ಎಂದು ಮಕ್ಕಳ ಮಾತಿನಿಂದ ತಿಳಿಯುತ್ತದೆ. ಆ ದುಷ್ಟರು ಚಿತ್ರ ಕಳಿಸುವುದೇ ನಾವು ಅದನ್ನು ಮುಂದಕ್ಕೆ ಕಳಿಸುತ್ತೇವೆ ಎಂಬ ಭರವಸೆಯಿಂದ. ನಮ್ಮ ಕೈಯಲ್ಲಿ ಅದು ನಿಂತರೆ ಅವರ ಬಳಿ ಉಳಿಯುವುದು ಬರೀ ಬೈಗುಳ.

ನಿಮ್ಮಿಂದ ಕೇಳುವುದು ಇಷ್ಟೇ: ಆ ಚಿತ್ರ ನಿಮ್ಮ ಫೋನಿನಲ್ಲಿದ್ದರೆ ಇಂದೇ ಅಳಿಸಿ.

ನೇರವಾಗಿ ಆ್ಯಪಿನವರಿಂದಲೇ ಬಂದಿದ್ದರೆ ಮಾತ್ರ ಅಳಿಸುವ ಮೊದಲು ನನಗೊಂದು ಮಾತು ತಿಳಿಸಿ. ಕಳಿಸಿದ ನಂಬರು, ದಿನ, ಸಮಯ ಆ ಪೋಷಕರ ದೂರಿಗೆ ಬೇಕಾಗಬಹುದು.

ಇನ್ನು, ಇದೇ ಸಂಕಟದಲ್ಲಿ ಬಾಯಿಬಿಡದೆ ಕುಳಿತಿರುವ ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ ಎಂದು ನನಗನಿಸುತ್ತದೆ. ಮಾನ ಹೋಗುತ್ತದೆಂದು ನೀವು ಪೊಲೀಸರ ಬಳಿ ಹೋಗುವುದಿಲ್ಲ. ನಾನು ಸಮಾಜ ವಿಜ್ಞಾನದ ಶಿಕ್ಷಕಿ, ವಕೀಲೆಯಲ್ಲ. ಆದ್ದರಿಂದ ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರನ್ನು ಕೇಳಿ ಇದನ್ನು ಬರೆಯುತ್ತಿದ್ದೇನೆ.

ಸಾಲ ಬಾಕಿ ಇದ್ದರೂ ದೂರು ಕೊಡುವ ಹಕ್ಕು ಹೋಗುವುದಿಲ್ಲ. ಬಾಕಿ ಬೇರೆ, ಬೆದರಿಕೆ ಬೇರೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೆದರಿಸಿ ಹಣ ಕೀಳುವುದು 308ನೇ ಕಲಂನ ಸುಲಿಗೆ, ಜೀವಕ್ಕೆ ಮಾನಕ್ಕೆ ಬೆದರಿಕೆ ಹಾಕುವುದು 351, ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವ ಮಾತು, ಚಿತ್ರಗಳಿಗೆ 79. ದುಡ್ಡು ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯಲು ಅದೊಂದೇ ಬೇಗನೆಯ ದಾರಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಮನೆಯಲ್ಲೇ ಕುಳಿತು ದೂರು ಹಾಕಬಹುದು. ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆ ಇಂಥವಕ್ಕೆಂದೇ ಇದೆ, ಆದರೆ ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಘಟನೆ ಎಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ಜೀರೊ ಎಫ್‌ಐಆರ್ ಮಾಡಿಸಬಹುದು. "ಇದು ನಮಗೆ ಬರೋದಿಲ್ಲ" ಎಂದು ಕಳಿಸಿಬಿಟ್ಟರೆ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಲು ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ದಾರಿ ಇದೆ.

ಹೋಗುವ ಮೊದಲು ಆ್ಯಪ್ ಅಳಿಸಬೇಡಿ. ಎಲ್ಲರೂ ಸಿಟ್ಟಿನಲ್ಲಿ ಮೊದಲು ಮಾಡುವುದೇ ಅದು. ಆ್ಯಪಿನ ಹೆಸರು, ಸಾಲದ ಪುಟ, ಹಣ ಕಟ್ಟಿದ ಯುಪಿಐ ವಿವರ, ಬೆದರಿಕೆ ಬಂದ ನಂಬರು, ಆಡಿಯೊ, ಬ್ಯಾಂಕಿನ ಸ್ಟೇಟ್‌ಮೆಂಟ್ ಎಲ್ಲವನ್ನೂ ಬೇರೆ ಕಡೆ ಉಳಿಸಿಕೊಳ್ಳಿ. ಆಮೇಲೆ ಸೆಟ್ಟಿಂಗ್‌ಗೆ ಹೋಗಿ ಅದಕ್ಕೆ ಕೊಟ್ಟ ಅನುಮತಿಗಳನ್ನು ತೆಗೆದು, ನಂತರ ಆ್ಯಪ್ ತೆಗೆಯಿರಿ.

ಆ್ಯಪಿನ ಹಿಂದೆ ನಿಜವಾದ ಬ್ಯಾಂಕೋ ಹಣಕಾಸು ಕಂಪನಿಯೋ ಇದ್ದರೆ ದಾರಿ ಬೇರೆ. ಸಾಲದ ಆ್ಯಪ್ ಫೋನಿನ ಕಾಂಟ್ಯಾಕ್ಟ್, ಕರೆ ಪಟ್ಟಿ, ಫೋಟೋಗಳನ್ನು ಮುಟ್ಟಕೂಡದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಕರೆ ಮಾಡುವಂತಿಲ್ಲ. ಕಂಪನಿಗೆ ಬರೆದು 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಆಲಿಸುವ ಅಧಿಕಾರಿ) ದೂರು ಕೊಡಬಹುದು, ಶುಲ್ಕವಿಲ್ಲ. ಅಧಿಕೃತ ಆ್ಯಪುಗಳ ಪಟ್ಟಿ 2025ರ ಜುಲೈನಿಂದ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ. ನಮ್ಮ ರಾಜ್ಯದಲ್ಲಿ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಆಮೇಲೆ ಕಾಯ್ದೆಯಾದ ಕಿರು ಸಾಲ, ಸಣ್ಣ ಸಾಲ ಕಾನೂನು ಕೂಡ ಇದೆ. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಮನ್ನಾ ಆದಂತೆಯೇ ಎನ್ನುತ್ತದೆ ಆ ಕಾನೂನು. ನಿಮ್ಮ ಪ್ರಕರಣಕ್ಕೆ ಅದು ಹೊಂದುತ್ತದೆಯೇ ಎಂಬುದನ್ನು ವಕೀಲರೇ ಹೇಳಬೇಕು. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ತಂದೆತಾಯಿಯ ಆಧಾರ್, ಪ್ಯಾನ್ ಕಾರ್ಡಿನ ಫೋಟೋ ಬಳಸಿ ಮಕ್ಕಳೇ ಆ್ಯಪಿನಲ್ಲಿ ಸಾಲ ತೆಗೆದ ಸುದ್ದಿಗಳೂ ಕಿವಿಗೆ ಬೀಳುತ್ತಿವೆ. ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದ ಕಾನೂನಿನ ಕಣ್ಣಿನಲ್ಲಿ ಒಪ್ಪಂದವೇ ಅಲ್ಲ. ನಿಮ್ಮ ಮಗು ಹೀಗೆ ಸಿಕ್ಕಿಕೊಂಡಿದ್ದರೆ ದಯವಿಟ್ಟು ಮೊದಲು ಹೊಡೆಯಬೇಡಿ, ಮೊದಲು ಕೇಳಿ. ಮಾತಾಡಲು ಯಾರೂ ಇಲ್ಲ ಎನಿಸಿದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಈ ಮಾತು ದೊಡ್ಡವರಿಗೂ ಸೇರಿಯೇ ಬರೆದದ್ದು.

ಆ ಪೋಷಕರ ಮಗುವನ್ನು ಬೇರೆ ಸೆಕ್ಷನ್‌ಗೆ ಹಾಕಿ ಎಂಬ ಸಲಹೆಯೂ ಬಂದಿದೆ. ಹಾಕುವುದಿಲ್ಲ. ಮಗು ಅದೇ ತರಗತಿಯಲ್ಲಿ ಕೂರುತ್ತದೆ. ಅಣಕಿಸಿದ ಮಕ್ಕಳ ಜೊತೆ ನಾನೇ ಮಾತಾಡಿದ್ದೇನೆ, ಅವರ ಪೋಷಕರನ್ನೂ ಕರೆಸುತ್ತೇನೆ.

ಗುಂಪಿನ ವಿಷಯಕ್ಕೆ ಬಂದರೆ, ಈ ವರ್ಷ ಮುಗಿಯುವವರೆಗೆ ಅದು ಹೀಗೇ ಇರುತ್ತದೆ. ತೊಂದರೆ ಆಗುತ್ತದೆ, ಗೊತ್ತು. ಮಗುವಿಗೆ ಜ್ವರ ಬಂದರೆ ಗುಂಪಿನಲ್ಲಿ ಹೇಳುವುದು ಸುಲಭವಿತ್ತು. ಇನ್ನು ತರಗತಿ ಶಿಕ್ಷಕರಿಗೆ ನೇರವಾಗಿ ಸಂದೇಶ ಕಳಿಸಿ, ಅಥವಾ ಹಳೆಯ ಪದ್ಧತಿಯಂತೆ ಡೈರಿಯಲ್ಲಿ ಬರೆದು ಸಹಿ ಮಾಡಿ. ಪೋಷಕರ ಫೋನ್ ನಂಬರುಗಳ ಪಟ್ಟಿಯನ್ನು ಹಂಚುವ ಪದ್ಧತಿಯನ್ನೂ ನಿಲ್ಲಿಸಿದ್ದೇವೆ. ಯಾರದಾದರೂ ನಂಬರು ಬೇಕೆಂದವರು ಆಯಾ ಮನೆಯವರನ್ನೇ ಕೇಳಿ ಪಡೆಯಬೇಕು.

ಮುಂದಿನ ಪೋಷಕರ ಸಭೆಗೆ ಕಾನೂನು ಸೇವಾ ಸಮಿತಿಯ ವಕೀಲರು ಬರಲು ಒಪ್ಪಿದ್ದಾರೆ. ಸಭೆಯಲ್ಲಿ ಎದ್ದು ಕೇಳುವುದು ಕಷ್ಟವಾದವರಿಗೆ ಅವರು ಆಮೇಲೆ ಗ್ರಂಥಾಲಯದ ಕೋಣೆಯಲ್ಲಿ ಒಬ್ಬೊಬ್ಬರಾಗಿ ಸಿಗುತ್ತಾರೆ. ಹೆಸರು ಬರೆಸಬೇಕಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ