ಬೇಸಿಗೆ ರಜೆ, ಹಿತ್ತಲು ಮತ್ತು ಕಣಜದ ಗೂಡು: ಪೋಷಕರಿಗೆ ಪತ್ರ

ವಿಷಯ: ರಜೆಯಲ್ಲಿ ಮನೆ, ಹಿತ್ತಲು, ತೋಟಗಳಲ್ಲಿ ಕಣಜದ ಹುಳಗಳಿಂದ ಮಕ್ಕಳನ್ನು ಕಾಪಾಡುವ ಬಗ್ಗೆ

ಮಾನ್ಯ ಪೋಷಕರೇ,

ಏಪ್ರಿಲ್ ಎರಡನೇ ವಾರದಿಂದ ಮಕ್ಕಳಿಗೆ ಬೇಸಿಗೆ ರಜೆ. ಮೇ ಕೊನೆಯವರೆಗೆ ಅವರ ದಿನ ಕಳೆಯುವುದು ಹಿತ್ತಲಿನಲ್ಲಿ, ಅಡಿಕೆ ತೋಟದಲ್ಲಿ, ಮಾವಿನ ಮರದ ಬುಡದಲ್ಲಿ, ಗೇರು ಗುಡ್ಡದಲ್ಲಿ. ಕಣಜಗಳೂ ಇದೇ ದಿನಗಳಲ್ಲಿ, ಇದೇ ಜಾಗಗಳಲ್ಲಿ ನೀರು ಮತ್ತು ಸಿಹಿ ಹುಡುಕುತ್ತ ಓಡಾಡುತ್ತವೆ. ಮಕ್ಕಳಿಗೆ ಕಣಜ ಹೊಡೆಯುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಗೂಡಿರುವುದು ತಿಳಿಯದೆ ಕೈ ಹಾಕುತ್ತಾರೆ, ಇಲ್ಲವೇ ತಿಳಿದೂ ಕಲ್ಲು ಹೊಡೆಯುತ್ತಾರೆ. ಎರಡನ್ನೂ ದೊಡ್ಡವರು ತಡೆಯಬಹುದು. ರಜೆ ಶುರುವಾಗುವ ಮೊದಲೇ ನಿಮ್ಮ ಮನೆಯ ಸುತ್ತ ಎಲ್ಲೆಲ್ಲಿ ಗೂಡಿದೆ ಎಂದು ನಿಮಗೂ ಮಕ್ಕಳಿಗೂ ಗೊತ್ತಿರಬೇಕು ಎಂಬುದೇ ಈ ಪತ್ರದ ಕೋರಿಕೆ.

ಮೊದಲು ಯಾವ ಹುಳ ಎಂದು ಗುರುತಿಸಿ. ಗೋಡೆಗೆ ಮಣ್ಣು ಮೆತ್ತುವ ಕುಂಬಾರ ಹುಳ ಒಂಟಿಯಾಗಿ ಬದುಕುತ್ತದೆ. ಮಣ್ಣಿನ ಗೂಡಿನೊಳಗೆ ಜೇಡವನ್ನೋ ಹಸಿರು ಹುಳುವನ್ನೋ ತುಂಬಿ, ಮೊಟ್ಟೆಯಿಟ್ಟು, ಬಾಯಿ ಮುಚ್ಚಿ ಹೋಗಿಬಿಡುತ್ತದೆ. ಅದು ಗೂಡು ಕಾಯುವುದಿಲ್ಲ, ಮೈಮೇಲೆ ಬೀಳುವುದಿಲ್ಲ; ಕೈಯಲ್ಲಿ ಹಿಡಿದು ಅದುಮಿದರೆ ಮಾತ್ರ ಕುಟುಕೀತು. ಅದನ್ನು ಅದರ ಪಾಡಿಗೆ ಬಿಡಿ. ನೀರಿನ ಪೈಪಿನ ಬಾಯಿ, ಬೀಗದ ಕಿಂಡಿ, ಬಚ್ಚಲಿನ ಗ್ಯಾಸ್ ಗೀಸರಿನ ಹೊಗೆ ಕೊಳವೆಗೆ ಅದು ಮಣ್ಣು ತುಂಬಿದೆಯೇ ಎಂದು ಮಾತ್ರ ನೋಡಿಕೊಳ್ಳಿ. ಹೊಗೆ ಕೊಳವೆ ಕಟ್ಟಿಕೊಂಡರೆ ವಿಷಗಾಳಿ ಬಚ್ಚಲಲ್ಲೇ ಉಳಿಯುತ್ತದೆ.

ಎಚ್ಚರ ಬೇಕಾದದ್ದು ಗುಂಪಾಗಿ ಬದುಕುವ ಕಣಜಗಳ ಬಗ್ಗೆ. ಇವು ಒಣಮರ, ಬೇಲಿ ಗೂಟ ಕೆರೆದ ನಾರಿಗೆ ಎಂಜಲು ಬೆರೆಸಿ ಕಾಗದದಂಥ ಬೂದು ಗೂಡು ಕಟ್ಟುತ್ತವೆ. ಒಂದು ತೆಳು ತೊಟ್ಟಿನಿಂದ ತೂಗುವ ಗೂಡಿನ ಕೋಣೆಗಳು ಕೆಳಮುಖವಾಗಿ ತೆರೆದಿರುತ್ತವೆ, ಹುಳಗಳು ಮೇಲೆಯೇ ಕೂತಿರುವುದು ಕಾಣುತ್ತದೆ. ನಮ್ಮ ಕಡೆ ಸಾಮಾನ್ಯವಾಗಿರುವ ಕಂದು ಬಣ್ಣದ ಒಂದು ಜಾತಿಯ (ರೋಪಾಲಿಡಿಯಾ ಮಾರ್ಜಿನೇಟಾ) ಬದುಕನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಈ ಹುಳಗಳ ಗೂಡು ವರ್ಷದ ಯಾವ ತಿಂಗಳಲ್ಲೂ ಇರುತ್ತದೆ. ಚಳಿಗಾಲ ಬಂದರೆ ಗೂಡು ತಾನಾಗಿಯೇ ಸಾಯುತ್ತದೆ ಎಂದು ಮೊಬೈಲಿನಲ್ಲಿ ಓದಿ ಕಾಯುತ್ತ ಕೂರಬೇಡಿ, ಅದು ಹಿಮ ಬೀಳುವ ದೇಶಗಳ ಮಾತು.

ಮೂರನೆಯದು ದೊಡ್ಡ ಕಡಜ. ಕಪ್ಪು ಮೈ, ಹೊಟ್ಟೆಗೆ ಅಡ್ಡಲಾಗಿ ಹಳದಿ ಅಥವಾ ಕಿತ್ತಳೆ ಬಣ್ಣದ ಅಗಲ ಪಟ್ಟೆ, ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಇದರ ಗೂಡಿನ ಕೋಣೆಗಳು ಹೊರಗೆ ಕಾಣುವುದಿಲ್ಲ. ಕಾಗದದ ಹೊದಿಕೆಯ ದೊಡ್ಡ ಉಂಡೆ, ಪಕ್ಕದಲ್ಲಿ ಹೋಗಿಬರುವ ಬಾಯಿ. ಕೊಂಬೆಯಲ್ಲಿ, ಮರದ ಪೊಟರೆಯಲ್ಲಿ, ನೆಲದ ಬಿಲದಲ್ಲೂ ಇರಬಹುದು. ಇದರ ಗೂಡಿಗೆ ಮನೆಯವರು ಯಾರೂ ಕೈ ಹಾಕಬಾರದು. ಪಟ್ಟೆಯ ಈ ಕಡಜ ಚಿಕ್ಕ ಕಣಜಗಳ ಗೂಡಿಗೆ ನುಗ್ಗಿ ಮರಿಹುಳ ತಿನ್ನುವುದೂ ಉಂಟು. ಆಗ ಗೂಡಿನ ಕಣಜಗಳೆಲ್ಲ ಎದ್ದು ಅಕ್ಕಪಕ್ಕದ ಎಲೆ, ಗೋಡೆಯ ಮೇಲೆ ಕೂರುತ್ತವೆ. ಆ ಹೊತ್ತಿನಲ್ಲಿ ಹತ್ತಿರ ಸುಳಿಯಬೇಡಿ.

ಈ ವಾರ ಒಂದು ಬೆಳಿಗ್ಗೆ ಅರ್ಧ ಗಂಟೆ ಮನೆ ಸುತ್ತಿ ನೋಡಿ, ಆಮೇಲೆ ವಾರಕ್ಕೊಮ್ಮೆ. ಕಿಟಕಿ ಸಜ್ಜದ ತಳ, ತೆರೆಯದೆ ಇರುವ ಕಿಟಕಿ ಬಾಗಿಲಿನ ಹಿಂಬದಿ, ಹೆಂಚಿನ ಮಾಡಿನ ಅಂಚು, ಕೊಟ್ಟಿಗೆಯ ಜಂತಿ, ಸೌದೆ ರಾಶಿ, ಕರೆಂಟ್ ಮೀಟರ್ ಪೆಟ್ಟಿಗೆ, ನೀರಿನ ಟ್ಯಾಂಕಿನ ಮುಚ್ಚಳದ ಒಳಮೈ, ಹೊರಗಿನ ಶೌಚಾಲಯದ ಮೂಲೆ. ಹಿತ್ತಲಿನಲ್ಲಿ ನಿಂಬೆ ಗಿಡ, ದಾಸವಾಳ, ಕ್ರೋಟನ್ ಬೇಲಿ, ಬಾಳೆಯ ಒಣ ಎಲೆ, ಕಾಳುಮೆಣಸಿನ ಬಳ್ಳಿ. ಇವುಗಳಲ್ಲಿ ಗೂಡು ಮಕ್ಕಳ ಮುಖದ ಎತ್ತರಕ್ಕೇ ಇರುತ್ತದೆ ಮತ್ತು ಎಲೆಯ ಮರೆಯಲ್ಲಿ ಕಾಣುವುದಿಲ್ಲ. ಹುಳಗಳು ಒಂದೇ ದಿಕ್ಕಿನಿಂದ ಬಂದು ಒಂದೇ ಜಾಗದಲ್ಲಿ ಮರೆಯಾಗುತ್ತಿದ್ದರೆ ಗೂಡು ಅಲ್ಲೇ ಇದೆ ಎಂದರ್ಥ. ಐದು ನಿಮಿಷ ದೂರ ನಿಂತು ನೋಡಿದರೆ ಸಾಕು. ಕೈ ಹಾಕಿ ಎಲೆ ಸರಿಸಬೇಡಿ.

ಸಿಕ್ಕ ಗೂಡನ್ನೆಲ್ಲ ಕೀಳಬೇಕಾಗಿಲ್ಲ. ಬದನೆ, ಕೋಸು, ಅಲಸಂದೆ ತಿನ್ನುವ ಹಸಿರು ಹುಳುಗಳನ್ನು ಹಿಡಿದು ಮರಿಗೆ ಉಣಿಸುವುದು ಇವೇ ಕಣಜಗಳು. ಮಕ್ಕಳು ಓಡಾಡದ, ಕೈಗೆಟುಕದ ಎತ್ತರದ ಗೂಡನ್ನು ಬಿಡಿ. ಸುತ್ತ ಎರಡು ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿ, ಇಲ್ಲಿ ಗೂಡಿದೆ ಎಂದು ಮಕ್ಕಳಿಗೆ ತೋರಿಸಿ. ಬಾಗಿಲ ಹತ್ತಿರ, ಆಡುವ ಜಾಗ, ಬಟ್ಟೆ ಒಣಹಾಕುವ ತಂತಿ, ಶೌಚಾಲಯದ ದಾರಿಯಲ್ಲಿದ್ದರೆ ಮಾತ್ರ ತೆಗೆಯುವ ಯೋಚನೆ ಮಾಡಿ.

ತೆಗೆಯಲು ಸುಲಭವಾದ ಕಾಲ ಒಂದೇ. ಗೂಡಿನಲ್ಲಿ ಒಂದೋ ಎರಡೋ ಹುಳ, ಐದರಿಂದ ಹತ್ತು ಕೋಣೆ ಇರುವಾಗ. ಹಗಲಿನಲ್ಲಿ ಹುಳ ಹೊರಗೆ ಹಾರಿಹೋದ ಮೇಲೆ ಉದ್ದ ಕೋಲಿನಿಂದ ಗೂಡು ಬೀಳಿಸಿ, ತೊಟ್ಟು ಅಂಟಿದ್ದ ಜಾಗವನ್ನು ಕೆರೆದು ಸೋಪಿನ ನೀರಿನಲ್ಲಿ ಒರೆಸಿ. ಹುಳ ಹಿಂತಿರುಗಿ ಒಂದೆರಡು ದಿನ ಅಲ್ಲೇ ಸುತ್ತಬಹುದು, ಮತ್ತೆ ಕಟ್ಟಲೂಬಹುದು. ಮತ್ತೆ ಬೀಳಿಸಿದರೆ ಸಾಮಾನ್ಯವಾಗಿ ಬೇರೆ ಜಾಗ ಹುಡುಕುತ್ತದೆ. ವಾರಕ್ಕೊಮ್ಮೆ ನೋಡಿ ಎಂದದ್ದು ಇದಕ್ಕಾಗಿಯೇ. ಒಂದು ತಿಂಗಳು ಬಿಟ್ಟರೆ ಈ ಸುಲಭದ ಕೆಲಸ ಕೈತಪ್ಪುತ್ತದೆ.

ಅಂಗೈಗಿಂತ ಚಿಕ್ಕದಾದ, ಆದರೆ ಹುಳ ತುಂಬಿದ ಗೂಡಾದರೆ ಕತ್ತಲಾದ ಮೇಲೆ, ಹುಳಗಳೆಲ್ಲ ಒಳಸೇರಿದಾಗ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರವ ಸೋಪು ಕಲಸಿ, ದೂರ ಚಿಮ್ಮುವ ಕೈ ಸ್ಪ್ರೇಯರಿಗೆ ಹಾಕಿ, ಗೂಡು ಪೂರ್ತಿ ತೋಯುವಂತೆ ಬಿಡದೆ ಹೊಡೆಯಬೇಕು. ಹುಳ ಉಸಿರಾಡುವುದು ಮೈಬದಿಯ ಸಣ್ಣ ರಂಧ್ರಗಳಿಂದ. ಬರೀ ನೀರು ಜಾರಿಹೋಗುತ್ತದೆ, ಸೋಪಿನ ನೀರು ಆ ರಂಧ್ರಗಳೊಳಗೆ ಇಳಿಯುತ್ತದೆ. ಅರ್ಧ ತೋಯಿಸಿ ನಿಲ್ಲಿಸಿದರೆ ಉಳಿದವು ನಿಮ್ಮ ಮೇಲೆ ಬರುತ್ತವೆ. ದಪ್ಪ ತುಂಬುತೋಳಿನ ಅಂಗಿ, ಪ್ಯಾಂಟು, ಬೂಟು, ಕೈಗವಸು, ತಲೆ ಮುಖಕ್ಕೆ ಬಲೆ ಇರಲಿ. ಟಾರ್ಚನ್ನು ಕೈಯಲ್ಲಿ ಹಿಡಿಯದೆ ದೂರದಲ್ಲಿ ನೆಲಕ್ಕಿಟ್ಟು, ಗಾಜಿಗೆ ಕೆಂಪು ಹಾಳೆ ಕಟ್ಟಿ. ಕೆಂಪು ಬೆಳಕು ಈ ಹುಳಗಳಿಗೆ ಸರಿಯಾಗಿ ಕಾಣದು, ಬಿಳಿ ಬೆಳಕಿನ ಕಡೆ ನೇರ ಹಾರುತ್ತವೆ. ಏಣಿ ಹತ್ತಿ ಈ ಕೆಲಸ ಮಾಡಲೇಬೇಡಿ. ಹುಳ ಬಂದಾಗ ಏಣಿಯ ಮೇಲಿರುವವರು ಕೈ ಬಿಡುತ್ತಾರೆ. ಕಚ್ಚಿದ್ದಕ್ಕಿಂತ ಬಿದ್ದದ್ದೇ ದೊಡ್ಡದಾಗುತ್ತದೆ. ಮೊದಲು ಕಣಜ, ಜೇನು ಕಚ್ಚಿ ಮೈಯೆಲ್ಲ ದದ್ದು ಎದ್ದವರು ಇದಕ್ಕೆ ಕೈ ಹಾಕಕೂಡದು.

ಮೀಟರ್ ಪೆಟ್ಟಿಗೆಯ ಗೂಡಿಗೆ ಸೋಪಿನ ನೀರೂ ಬೇಡ, ಸ್ಪ್ರೇ ಡಬ್ಬಿಯೂ ಬೇಡ. ಲೈನ್‌ಮನ್‌ಗೆ ತಿಳಿಸಿ. ಪಂಜು ಹಚ್ಚಿ ಸುಡುವ, ಸೀಮೆಎಣ್ಣೆ, ಪೆಟ್ರೋಲ್ ಎರಚುವ ರೂಢಿಯನ್ನು ದಯವಿಟ್ಟು ಬಿಡಿ. ಏಪ್ರಿಲ್‌ನಲ್ಲಿ ದರಗು, ಸೋಗೆ, ಹುಲ್ಲಿನ ಬಣವೆ ಎಲ್ಲವೂ ಒಣಗಿ ಕಾದಿರುತ್ತವೆ. ತೋಟಕ್ಕೆ ಹೊಡೆಯುವ ಕೀಟನಾಶಕವನ್ನು ಮನೆಯೊಳಗೆ ಸಿಂಪಡಿಸುವುದು ಮಕ್ಕಳಿಗೆ ಕಣಜಕ್ಕಿಂತ ಅಪಾಯ. ದೊಡ್ಡ ಗೂಡು, ಕಡಜದ ಗೂಡು, ಹೆಜ್ಜೇನು ಇದ್ದರೆ ಗ್ರಾಮ ಪಂಚಾಯಿತಿಗೆ ತಿಳಿಸಿ, ಉಡುಪು ಮತ್ತು ಅನುಭವ ಇರುವವರನ್ನೇ ಕರೆಸಿ.

ಬಿಸಿಲು ಏರಿದಂತೆ ಕಣಜಗಳು ನೀರು ತಂದು ಗೂಡಿನ ಮೇಲೆ ಹನಿಸಿ, ರೆಕ್ಕೆ ಬೀಸಿ ತಂಪು ಮಾಡಿಕೊಳ್ಳುತ್ತವೆ. ಆದ್ದರಿಂದ ಸೋರುವ ನಲ್ಲಿಗೆ ವಾಷರ್ ಬದಲಿಸಿ, ಬಚ್ಚಲ ನೀರು ಅಂಗಳದಲ್ಲಿ ನಿಲ್ಲದಂತೆ ಮಾಡಿ, ಹಕ್ಕಿಗಳಿಗೆ ಇಡುವ ನೀರಿನ ತಟ್ಟೆಯನ್ನು ಬಾಗಿಲಿನಿಂದ ದೂರ ಇಡಿ. ಉದುರಿದ ಮಾವು, ಗೇರುಹಣ್ಣನ್ನು ದಿನವೂ ಹೆಕ್ಕಿ ಗೊಬ್ಬರ ಗುಂಡಿಗೆ ಹಾಕಿ ಮೇಲೆ ಮಣ್ಣೆಳೆಯಿರಿ. ಹಲಸು ಬಿಡಿಸಿದ ಮೇಲೆ ಸಿಪ್ಪೆ, ಸಾರೆಯನ್ನು ಅಂಗಳದಲ್ಲಿ ಬಿಡಬೇಡಿ. ಮಾಂಬಳ ಒಣಗಿಸುವ ಚಾಪೆಗೆ ಸೊಳ್ಳೆ ಪರದೆಯ ತುಂಡನ್ನು ನಾಲ್ಕು ಮೂಲೆಗೆ ಕಲ್ಲಿಟ್ಟು ಹೊದಿಸಿ. ಕಬ್ಬಿನ ಹಾಲು, ಪಾನಕ, ಜ್ಯೂಸನ್ನು ಮಕ್ಕಳು ಹೊರಗೆ ಕುಡಿಯುವುದಾದರೆ ಒಳಗೆ ಏನಿದೆ ಎಂದು ಕಾಣುವ ಗಾಜಿನ ಲೋಟದಲ್ಲಿ ಕೊಡಿ. ಬಣ್ಣದ ಬಾಟಲಿ, ಡಬ್ಬಿಯೊಳಗೆ ಹುಳ ಇಳಿದದ್ದು ಗೊತ್ತಾಗುವುದಿಲ್ಲ.

ಮಕ್ಕಳಿಗೆ ಮನೆಯಲ್ಲಿ ಒಮ್ಮೆ ಮಾಡಿಸಿಯೇ ಕಲಿಸಿ. ಒಂದೆರಡು ಹುಳ ಸುತ್ತುತ್ತಿದ್ದರೆ ಕೈ ಬೀಸದೆ, ಮೆಲ್ಲನೆ ಹಿಂದೆ ಸರಿಯಬೇಕು. ಗೂಡು ಕದಡಿ ಹುಳ ಎದ್ದರೆ ನಿಲ್ಲಬಾರದು. ಅಂಗಿಯಿಂದಲೋ ಟವೆಲಿನಿಂದಲೋ ಮುಖ ಮುಚ್ಚಿಕೊಂಡು, ದಾರಿ ಕಾಣುವಷ್ಟು ಬಿಟ್ಟು, ನೇರ ಓಡಿ ಮನೆಯೊಳಗೆ ಸೇರಿ ಬಾಗಿಲು ಹಾಕಬೇಕು. ಚಿಕ್ಕ ತಮ್ಮ, ತಂಗಿ ಜೊತೆಗಿದ್ದರೆ ಎತ್ತಿಕೊಂಡೇ ಓಡಬೇಕು. ಕೆರೆ, ಬಾವಿಗೆ ಹಾರಕೂಡದು. ಗೂಡಿನ ಹತ್ತಿರ ಹುಳವನ್ನು ಹೊಸಕಿದರೆ ಅದರ ವಿಷದ ವಾಸನೆಗೇ ಉಳಿದವು ಏಳುತ್ತವೆ. ತಂತಿಯಿಂದ ತೆಗೆದ ಬಟ್ಟೆ, ಹೊರಗಿಟ್ಟ ಚಪ್ಪಲಿ, ಬೂಟು, ರಜೆಯಲ್ಲಿ ಮೂಲೆಗೆ ಬಿದ್ದ ಶಾಲೆಯ ಚೀಲವನ್ನು ಕೊಡವಿಯೇ ಹಾಕಿಕೊಳ್ಳಲಿ.

ಹುಳ ಕಚ್ಚಿದಾಗ

ಮೊದಲು ಮಗುವನ್ನು ಗೂಡಿನಿಂದ ದೂರ ಕರೆತನ್ನಿ. ಕಣಜದ ಕೊಂಡಿ ಚರ್ಮದಲ್ಲಿ ಉಳಿಯುವುದಿಲ್ಲ, ಅದೇ ಹುಳ ಹಲವು ಸಲ ಕುಟುಕಬಲ್ಲದು. ಕೊಂಡಿ ನೆಟ್ಟಿದ್ದರೆ ಅದು ಜೇನು. ಸಿಕ್ಕಿದ್ದರಿಂದ ಕೂಡಲೇ ತೆಗೆಯಿರಿ, ತಡ ಮಾಡಿದಷ್ಟು ವಿಷ ಇಳಿಯುತ್ತದೆ. ಬಳೆ, ಉಂಗುರ, ಕಾಲ್ಗೆಜ್ಜೆಯನ್ನು ಊದುವ ಮೊದಲೇ ಬಿಚ್ಚಿ. ಸೋಪು ನೀರಿನಲ್ಲಿ ತೊಳೆದು, ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಒತ್ತಿ, ಸ್ವಲ್ಪ ಬಿಟ್ಟು ಮತ್ತೆ ಒತ್ತಿ. ಐಸಿಲ್ಲದಿದ್ದರೆ ಮಡಕೆ ನೀರಿನ ಒದ್ದೆ ಬಟ್ಟೆ. ಸುಣ್ಣ ಹಚ್ಚಬೇಡಿ, ಮಗುವಿನ ಚರ್ಮ ಸುಡುತ್ತದೆ. ಕಬ್ಬಿಣ ತಿಕ್ಕುವುದು, ಈರುಳ್ಳಿ, ಸೋಡಾ ಯಾವುದೂ ಚರ್ಮದ ಒಳಗಿಳಿದ ವಿಷವನ್ನು ಹೊರಗೆ ತರುವುದಿಲ್ಲ.

ನೋವಿಗೆ ಪ್ಯಾರಸಿಟಮಾಲ್ ಸಾಕು: ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಸಿರಪ್ಪು ಎರಡು ಹದದಲ್ಲಿ ಬರುತ್ತದೆ; 5 ಮಿ.ಲೀ.ನಲ್ಲಿ 120 ಅಥವಾ 125 ಮಿ.ಗ್ರಾಂ ಇರುವುದು ಒಂದು, 250 ಇರುವುದು ಇನ್ನೊಂದು. 20 ಕಿಲೋ ತೂಕದ ಮಗುವಿಗೆ 250ರ ಬಾಟಲಿಯಾದರೆ 5 ಮಿ.ಲೀ. ಸರಿ, ಇನ್ನೊಂದಾದರೆ 10 ಮಿ.ಲೀ. ಬಾಟಲಿಯ ಮೇಲಿನ ಅಂಕಿ ಓದದೆ ಕೊಡಬೇಡಿ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಕಚ್ಚಿದ ಜಾಗದ ಊತ ಎರಡನೇ ದಿನ ಹೆಚ್ಚಾಗುವುದು ಸಹಜ. ಊತ ಒಂದು ಅಂಗೈ ಅಗಲ ದಾಟಿದರೆ, ಜ್ವರ ಬಂದರೆ, ಕೀವು ಕಂಡರೆ ವೈದ್ಯರಿಗೆ ತೋರಿಸಿ.

ಇನ್ನು ಮುಂದಿನ ಮಾತನ್ನು ಮನೆಯ ಅಜ್ಜ ಅಜ್ಜಿಯವರಿಗೂ ಓದಿ ಹೇಳಿ, ಹಗಲಿನಲ್ಲಿ ಮಕ್ಕಳ ಜೊತೆ ಇರುವವರು ಅವರೇ. ಕಚ್ಚಿದ್ದು ಕೈಗೆ, ದದ್ದು ಎದ್ದದ್ದು ಹೊಟ್ಟೆಯ ಮೇಲೆ, ತುಟಿ, ನಾಲಿಗೆ ಊದಿದೆ, ದನಿ ಒಡೆದಿದೆ, ಉಸಿರಿಗೆ ಸಿಳ್ಳೆ ಸದ್ದು, ವಾಂತಿ, ತಲೆಸುತ್ತಿ ಕುಸಿಯುತ್ತಿದೆ. ಇವುಗಳಲ್ಲಿ ಯಾವುದು ಕಂಡರೂ ಅದು ಅಲರ್ಜಿ ಮೈಗೆಲ್ಲ ಏರಿದ ಲಕ್ಷಣ. ಕೂಡಲೇ 108ಕ್ಕೆ ಕರೆ ಮಾಡಿ. ಬೇರೆ ವಾಹನ ಬೇಗ ಸಿಗುವುದಾದರೆ ಅದರಲ್ಲೇ ಹೊರಡಿ. ಮಗುವನ್ನು ಮಲಗಿಸಿ ಕಾಲು ಎತ್ತರಿಸಿ, ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಿ, ನಡೆಸಿಕೊಂಡು ಹೋಗಬೇಡಿ. ಬಾಯಿಗೆ ನೀರು, ಕಷಾಯ ಹಾಕಬೇಡಿ. ಇದಕ್ಕೆ ಮದ್ದು ತೊಡೆಯ ಹೊರಭಾಗದ ಮಾಂಸಖಂಡಕ್ಕೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿ ಮಾತ್ರೆ ಅದರ ಬದಲಿಯಲ್ಲ, ಅದು ಕೆಲಸ ಶುರುಮಾಡುವಷ್ಟು ಹೊತ್ತು ಇರುವುದಿಲ್ಲ. ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಸಂಜೆಯ ಮೇಲೆ ಎಲ್ಲಿಗೆ ಹೋಗಬೇಕು ಎಂದು ಈಗಲೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ. ಮಗು ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ನಂತರ ಅದೇ ಲಕ್ಷಣ ಮರಳಬಹುದು. ವೈದ್ಯರು ಬಿಡುವವರೆಗೆ ಅಲ್ಲೇ ಇರಿ.

ಬಾಯಿ, ಗಂಟಲೊಳಗೆ ಕಚ್ಚಿದರೆ, ಹತ್ತಕ್ಕಿಂತ ಹೆಚ್ಚು ಕಡೆ ಕಚ್ಚಿದರೆ, ದೊಡ್ಡ ಕಡಜ ಕೆಲವೇ ಕಡೆ ಕಚ್ಚಿದ್ದರೂ ಮಗು ಚೆನ್ನಾಗಿ ಆಡುತ್ತಿದೆ ಎಂದು ಮನೆಯಲ್ಲಿಟ್ಟುಕೊಳ್ಳಬೇಡಿ. ಹೆಚ್ಚು ವಿಷ ಸ್ನಾಯು ಮತ್ತು ರಕ್ತಕಣಗಳನ್ನು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ಅದು ತಿಳಿಯುವುದು ಒಂದೆರಡು ದಿನ ಕಳೆದ ಮೇಲೆ. ಮೂತ್ರ ಕಡಿಮೆಯಾಯಿತೇ, ಕಪ್ಪು ಚಹಾದ ಬಣ್ಣಕ್ಕೆ ತಿರುಗಿತೇ ಎಂದು ಮೂರು ದಿನ ನೋಡುತ್ತಿರಿ.

ಶಾಲೆಯ ಕಟ್ಟಡ ರಜೆಯುದ್ದಕ್ಕೂ ಮುಚ್ಚಿರುತ್ತದೆ. ಆಟಕ್ಕೆ ಬರುವ ಮಕ್ಕಳು ಮೈದಾನದಲ್ಲಷ್ಟೇ ಆಡಲಿ. ಶೌಚಾಲಯದ ಹಿಂದೆ, ನೀರಿನ ಟ್ಯಾಂಕಿನ ಮೇಲೆ, ಕಿಟಕಿಯ ಸಂದಿಗೆ ಚೆಂಡು ಹೋದರೆ ದೊಡ್ಡವರು ಬರುವವರೆಗೆ ಕಾಯಲಿ. ಶಾಲೆ ತೆರೆಯುವ ಎರಡು ದಿನ ಮೊದಲು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಮತ್ತು ಶಿಕ್ಷಕರು ತರಗತಿ, ಬಿಸಿಯೂಟದ ಅಡುಗೆ ಕೋಣೆ, ಶೌಚಾಲಯಗಳನ್ನು ನೋಡುತ್ತೇವೆ. ಉದ್ದ ಕೋಲು, ಟಾರ್ಚು ಹಿಡಿದು ಬರಬಲ್ಲ ಪೋಷಕರು ದಯವಿಟ್ಟು ಜೊತೆಗೂಡಿ. ಆ ದಿನ ಮಕ್ಕಳನ್ನು ಕರೆತರಬೇಡಿ.

ಕೆಳಗಿನ ಚೀಟಿಯನ್ನು ತುಂಬಿ ರಜೆ ಬಿಡುವ ಮೊದಲು ತರಗತಿ ಶಿಕ್ಷಕರಿಗೆ ಕೊಡಿ. ಮೊದಲೊಮ್ಮೆ ಮೈಯೆಲ್ಲ ದದ್ದು ಎದ್ದಿದ್ದ ಮಗುವಿಗೆ ಮುಂದಿನ ಸಲ ಹೆಚ್ಚಿನ ಅಪಾಯವಿದೆ, ಅದು ನಮಗೆ ತಿಳಿದಿರಲೇಬೇಕು.

ವಂದನೆಗಳೊಂದಿಗೆ,
ಮುಖ್ಯ ಶಿಕ್ಷಕರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ

– – – – – – – – – –

ಮಗುವಿನ ಹೆಸರು, ತರಗತಿ: ________
ಮೊದಲು ಕಣಜ ಅಥವಾ ಜೇನು ಕಚ್ಚಿದೆಯೇ? ಕಚ್ಚಿದ ಜಾಗ ಬಿಟ್ಟು ಬೇರೆಡೆ ದದ್ದು, ಊತ, ಉಸಿರಾಟದ ತೊಂದರೆ ಆಗಿತ್ತೇ? ________
ಉಬ್ಬಸ ಇದೆಯೇ? ಈಗ ತೆಗೆದುಕೊಳ್ಳುತ್ತಿರುವ ಔಷಧ: ________
ಹಗಲಿನಲ್ಲಿ ಮನೆಯಲ್ಲಿರುವ ದೊಡ್ಡವರ ಮೊಬೈಲ್ ಸಂಖ್ಯೆ: ________
ಪೋಷಕರ ಸಹಿ: ________